ಕ್ಷೀರಸಾಗರದ ಹಗ್ಗ

ನೀರಿನ ವಿಷಯದಲ್ಲಿ ಬಿ.ಎ. ಪಾಸಾದವರ ಮಾತು ಕೇಳಬಾರದು. ಇದನ್ನು ಹೇಳುತ್ತಿರುವವನೂ ಬಿ.ಎ. ಪಾಸಾದವನೇ ಆದ್ದರಿಂದ ಇದನ್ನಾದರೂ ಕೇಳಬೇಕೋ ಬೇಡವೋ, ನಿಮಗೆ ಬಿಟ್ಟದ್ದು. ಬಲ್ಮಠದ ಶಾಲೆಯಲ್ಲಿ ಚರಿತ್ರೆ ಕಲಿಸುವ ನಾನು ಮಾಸಪತ್ರಿಕೆಯೊಂದರಲ್ಲಿ ಅನಂತಶಯನ ಶಿಲ್ಪದ ಚಿತ್ರ ಕಂಡದ್ದೇ ತಡ, ನಮ್ಮ ನಾಟಕ ಸಂಘದ ವಾರ್ಷಿಕೋತ್ಸವಕ್ಕೆ ಅದನ್ನು ನೇತ್ರಾವತಿಯ ಮೇಲೆಯೇ ತೇಲಿಸುವ ಹುಚ್ಚು ಹಿಡಿಯಿತು. ಬಾಳೆದಿಂಡಿನ ತೆಪ್ಪ, ರಟ್ಟಿನ ಏಳು ಹೆಡೆಯ ಶೇಷ, ಮೇಲೆ ವಿಷ್ಣುವಾಗಿ ಹಂಚಿನ ಕಾರ್ಖಾನೆಯ ಗುಮಾಸ್ತ ಶೀನಪ್ಪ. ಅವನಿಗೆ ಶಿಲ್ಪದಂಥ ಮೂಗಿತ್ತು, ಈಜು ಬರುತ್ತಿರಲಿಲ್ಲ. ನಾನು ವಿಚಾರಿಸಿದ್ದು ಮೂಗನ್ನು ಮಾತ್ರ. ಅವನ ಹೆಗಲಿಗೆ ಎರಡು ಮರದ ಕೈಗಳನ್ನು ಬಿಗಿದು, "ಜನ ಎಷ್ಟು ಬೊಬ್ಬೆ ಹಾಕಿದರೂ ಕಣ್ಣು ಬಿಡಬೇಡ, ನಾನು ಹೇಳುವವರೆಗೆ" ಎಂದೆ.

"ಆಯ್ತು ಮಾಷ್ಟ್ರೇ."

ಉಳ್ಳಾಲದ ಕಡವಿನ ದೋಣಿಯ ಹಸನಬ್ಬ ತೆಪ್ಪಕ್ಕೆ ತೋಳುದಪ್ಪದ ಹಗ್ಗ ಕಟ್ಟುತ್ತ, "ಐದು ಗಂಟೆಗೆ ಬೇಡ ಮಾಷ್ಟ್ರೇ. ಇಳಿತ ಉಂಟು, ನೀರು ಸಮುದ್ರಕ್ಕೆ ಎಳೀತದೆ" ಎಂದ.

"ಮುಖಕ್ಕೆ ಬಂಗಾರದ ಬಿಸಿಲು ಬೀಳುವುದು ಐದಕ್ಕೇ."

"ಬಿಸಿಲು ನಾಳೆಯೂ ಬರ್ತದೆ ಮಾರಾಯ್ರೇ! ಹೋಗಲಿ, ನನ್ನ ದೋಣಿಯಾದರೂ ಹತ್ತಿರ ಇರಲಿ."

"ಕ್ಷೀರಸಾಗರದಲ್ಲಿ ನಿನ್ನ ದೋಣಿ ಎಲ್ಲಿಂದ ಬಂತು?"

ಸಂಘದವರೆಲ್ಲ ನಕ್ಕರು. ಹೆಚ್ಚು ನಕ್ಕವನು ನಾನು. ಅವನ ಹಗ್ಗವೂ ಕಣ್ಣಿಗೆ ಚುಚ್ಚುತ್ತದೆಂದು ಬಿಚ್ಚಿಸಿ, ತೆಳ್ಳನೆಯ ನಾರಿನ ಹುರಿ ಕಟ್ಟಿಸಿ, ಅವನಿಗೆ ಹೋಗು ಎಂದೆ.

ಹುರಿ ಕಡಿದದ್ದು ಯಾರಿಗೂ ಕಾಣಲಿಲ್ಲ; ಕಾಣದಂಥದ್ದನ್ನೇ ಆರಿಸಿದ್ದೆನಲ್ಲ. ವಿಷ್ಣು ಮೆಲ್ಲನೆ ಸೂರ್ಯನ ಕಡೆಗೆ ಹೊರಟ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಇಂದಿಗೂ ಕಿವಿಯಲ್ಲಿ ಉಳಿದಿರುವುದು ನನ್ನದೇ ಆ ಚಪ್ಪಾಳೆ. ಆಮೇಲೆ ರಟ್ಟಿನ ಹೆಡೆಗಳು ನೆನೆದು ಒಂದೊಂದಾಗಿ ನೀರಿಗೆ ಬಾಗಿದವು; ತೆಪ್ಪ ವಾಲಿಕೊಂಡೇ ಹೊಳೆ ಕಡಲು ಸೇರುವ ಅಳಿವೆಯತ್ತ ಓಡತೊಡಗಿತು. "ಶೀನಪ್ಪಾ, ಕಣ್ಣು ಬಿಡು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಗಾಳಿಯಲ್ಲಿ ಅದು ಅವನಿಗೆ ಜನರ ಬೊಬ್ಬೆಯಾಗಿಯೇ ಕೇಳಿರಬೇಕು. ಅವನು ಅಲುಗಲಿಲ್ಲ.

ಆಗ ದಡದ ಕೇದಗೆ ಪೊದೆಯ ಹಿಂದಿನಿಂದ ಹಸನಬ್ಬನ ದೋಣಿ ಹೊರಬಿತ್ತು. ಹೋಗು ಎಂದಿದ್ದರೂ ಅವನು ಹೋಗಿರಲಿಲ್ಲ. ಅಳಿವೆಯ ತೆರೆ ತೆಪ್ಪವನ್ನು ಚೆಲ್ಲಾಪಿಲ್ಲಿ ಮಾಡುವ ಹೊತ್ತಿಗೆ ಶೀನಪ್ಪನನ್ನು ಮರದ ಕೈ ಹಿಡಿದು ದೋಣಿಗೆ ಎಳೆದುಕೊಂಡ. ದಡಕ್ಕೆ ತಂದಾಗ ಮೈಯ ನೀಲಿ ಬಣ್ಣವೆಲ್ಲ ತೊಳೆದುಹೋಗಿತ್ತು; ತುಟಿ ಮಾತ್ರ ನೀಲಿಯಾಗಿಯೇ ಇತ್ತು. ಕಣ್ಣು ಮುಚ್ಚಿಯೇ ಇತ್ತು.

"ಮಾಷ್ಟ್ರೇ, ಈಗ ಬಿಡಬಹುದಾ?"

ಶೀನಪ್ಪನ ಅಮ್ಮ ನನ್ನನ್ನು ಬೈಯಲಿಲ್ಲ. "ಎಂತ ಮಾಷ್ಟ್ರೇ, ನೀವು ಓದಿದವರಲ್ವಾ?" ಎಂದರು, ಅಷ್ಟೆ. ಬೈದಿದ್ದರೆ ಮರೆಯಬಹುದಿತ್ತು. ಶೀನಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ. ದಾರಿಯಲ್ಲಿ ಕಂಡರೆ ಮೊದಲಿನಂತೆಯೇ ನಮಸ್ಕಾರ ಮಾಡುತ್ತಾನೆ. ಮುಖ ತೊಳೆಯುವಾಗಲೂ ಕಣ್ಣು ಮುಚ್ಚುವುದಿಲ್ಲವಂತೆ.

ಕಡವು ದಾಟುವಾಗಲೆಲ್ಲ ಹಸನಬ್ಬ ನನ್ನನ್ನು ದೋಣಿಯ ನಡುವೆ ಕೂರಿಸಿ, ಆ ತೋಳುದಪ್ಪದ ಹಗ್ಗದ ತುದಿಯನ್ನು ನನ್ನ ಮಡಿಲಿಗೆ ಹಾಕುತ್ತಾನೆ. ನೋಡುವುದಕ್ಕೆ ಚೆಂದವಿಲ್ಲ, ಮೀನಿನ ವಾಸನೆ ಬೇರೆ. ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ.