ನಾಲ್ಕು ಗಿಟಾರು, ಒಂದು ಫ್ರಿಜ್ಜು

ತಮ್ಮ ಕಿವಿಯಿಂದ ಒಂದೇ ಒಂದು ಸ್ವರವೂ ತಪ್ಪಿಸಿಕೊಳ್ಳಲಾರದು ಎನ್ನುವುದು ಗಿಟಾರ್ ಮೇಷ್ಟ್ರು ಬಹಳ ಕಾಲದಿಂದ ಕೊಚ್ಚಿಕೊಳ್ಳುತ್ತಿದ್ದ ಮಾತು. ಸೊಳ್ಳೆ ಹಾರಿಹೋದರೆ ಅದು ಯಾವ ಸ್ವರದಲ್ಲಿ ಹಾರಿತು ಎಂದು ಹೇಳುತ್ತಿದ್ದರು. ಬಸ್ಸಿನ ಹಾರ್ನು, ಲಿಫ್ಟಿನ ಗಂಟೆ, ಪಕ್ಕದ ಮನೆಯವರ ಸೀನು, ಎಲ್ಲವನ್ನೂ ಸ್ವರದ ಲೆಕ್ಕದಲ್ಲೇ ಗುರುತಿಸುತ್ತಿದ್ದರು. ಹೆಂಡತಿ ಬಚ್ಚಲಿನಿಂದ “ರೀ, ಒಲೆ ಮೇಲೆ ಹಾಲಿದೆ ನೋಡಿ” ಎಂದು ಮೂರು ಸಲ ಕೂಗಿದ್ದು ಮಾತ್ರ ಅವರಿಗೆ ಕೇಳಿಸುತ್ತಿರಲಿಲ್ಲ. ಅದನ್ನು ಅವರು ಏಕಾಗ್ರತೆ ಎಂದು ಕರೆಯುತ್ತಿದ್ದರು. ಒಲೆ ಒರೆಸುತ್ತಾ ಹೆಂಡತಿ ಅದಕ್ಕೆ ಬೇರೆ ಹೆಸರಿಟ್ಟಿದ್ದಳು.

ಮೇಷ್ಟ್ರದ್ದು ನಾಲ್ಕು ಗಿಟಾರುಗಳ ತಂಡ. ಅವರು, ಹಲ್ಲಿನ ಡಾಕ್ಟರು, ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರಮ್ಮ, ಮತ್ತೆ ಹೆಂಡತಿಯ ತಮ್ಮ, ಅಂದರೆ ಭಾವಮೈದ. ಹಳೆಯದನ್ನು ನುಡಿಸುವವರು ಬೇಕಾದಷ್ಟು ಜನ ಇದ್ದಾರೆ, ನಾವು ಯಾರೂ ಕೇಳದ್ದನ್ನೇ ನುಡಿಸಬೇಕು ಎಂಬುದು ತಂಡದ ಹಟ. ಅದಕ್ಕಾಗಿ ವರ್ಷಕ್ಕೊಂದು ಹೊಸ ಕೃತಿ ಬರೆಸುತ್ತಿದ್ದರು. ಒಂದು ವರ್ಷದ ಕೃತಿಯಲ್ಲಿ ಗಿಟಾರಿನ ಪೆಟ್ಟಿಗೆಗಳನ್ನು ಟಪ್ ಟಪ್ ಎಂದು ಮುಚ್ಚಿ ತೆರೆಯುವುದೇ ಮೊದಲ ಭಾಗವಾಗಿತ್ತು. ಸಭಿಕರು ಕಾರ್ಯಕ್ರಮ ಮುಗಿಯಿತೆಂದು ಎದ್ದು, ಚಪ್ಪಲಿ ಹುಡುಕಿಕೊಂಡು ಹೊರಟೇಹೋದರು. ಎರಡನೇ ಭಾಗವನ್ನು ಕೇಳಿದವರು ಕಾವಲುಗಾರ ಮತ್ತು ಮೇಷ್ಟ್ರ ಹೆಂಡತಿ. ಕಾವಲುಗಾರನ ಬಳಿ ಬೀಗದ ಕೈ ಇತ್ತು, ಹೆಂಡತಿಯ ಬಳಿ ಮೇಷ್ಟ್ರಿದ್ದರು, ಹಾಗಾಗಿ ಇಬ್ಬರೂ ಹೋಗುವ ಹಾಗಿರಲಿಲ್ಲ.

ಈ ಸಲ ಹಾಗಾಗಬಾರದು ಎಂದು ಮೇಷ್ಟ್ರು ದೊಡ್ಡವರೊಬ್ಬರಿಗೆ ಗಂಟುಬಿದ್ದರು. ಸಂಗೀತ ಸಂಯೋಜಕಿ, ಬಿಳಿಗೂದಲು, ಮಾತು ಕಡಿಮೆ. ಸುಲಭಕ್ಕೆ ಒಪ್ಪುವವರಲ್ಲ. ಎರಡು ವರ್ಷ ಕಾಗದ ಬರೆದ ಮೇಲೆ ಒಂದು ಮಧ್ಯಾಹ್ನ ತಂಡವನ್ನು ಕೇಳಲು ಮನೆಗೇ ಬಂದರು. ನಾಲ್ವರೂ ಒಂದು ಗಂಟೆ ಬೆವರು ಸುರಿಸಿ ನುಡಿಸಿದರು. ಆಕೆ ಮಾತ್ರ ಅಡುಗೆಮನೆಯ ಕಡೆಗೇ ತಲೆ ವಾಲಿಸಿಕೊಂಡು ಕೂತಿದ್ದರು.

“ಒಳಗೆ ಯಾರಿದಾರೆ?” ಎಂದು ಕೇಳಿದರು.

“ಯಾರೂ ಇಲ್ಲ. ಮನೆಯವಳು ಔಷಧಿ ಅಂಗಡಿಗೆ ಹೋಗಿದಾಳೆ, ಕೆಲಸಕ್ಕೆ” ಎಂದರು ಮೇಷ್ಟ್ರು.

“ಅಲ್ಲ, ಆಗಿನಿಂದ ಒಂದೇ ಸ್ವರ ಹಿಡ್ಕೊಂಡು ಕೂತಿದಾರಲ್ಲ, ಅವರು.”

ಅದು ಫ್ರಿಜ್ಜು. ಒಂಬತ್ತು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಾಗಿ ಕೊಂಡ ಫ್ರಿಜ್ಜು. ಹಿಂಬದಿಯ ಕಂಪ್ರೆಸರಿನ ಕೆಳಗಿದ್ದ ರಬ್ಬರು ಸವೆದುಹೋಗಿ, ಗಡಕ್ ಎಂದು ಶುರುವಾದರೆ ಮನೆಯೆಲ್ಲ ಝುಂ ಎನ್ನುತ್ತಿತ್ತು. ಹನ್ನೊಂದು ನಿಮಿಷ ಹಾಗೇ ಗುನುಗಿ, ಮೈ ಒದರಿಕೊಂಡು ಇನ್ನೊಂದು ಗಡಕ್ ಎಂದು ನಿಲ್ಲುತ್ತಿತ್ತು. “ಈ ಶನಿ ಅಭ್ಯಾಸ ಮಾಡೋಕೆ ಬಿಡಲ್ಲ” ಎಂದು ಮೇಷ್ಟ್ರು ಅದನ್ನು ಬೈಯದ ದಿನವಿರಲಿಲ್ಲ. ಸಂಯೋಜಕಿ ಎದ್ದುಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಗೈ ಒತ್ತಿ ಎರಡು ಸರದಿ ಪೂರ್ತಿ ಕೇಳಿದರು. ಆಮೇಲೆ, “ಬರೀತೀನಿ” ಎಂದರು.

ತಿಂಗಳೊಪ್ಪತ್ತಿನಲ್ಲಿ ಕೃತಿ ಬಂತು. ಐದು ವಾದ್ಯಕ್ಕೆ. ನಾಲ್ಕು ಗಿಟಾರು, ಒಂದು ಫ್ರಿಜ್ಜು. ಗಿಟಾರಿನ ತಂತಿಗಳನ್ನೆಲ್ಲ ಫ್ರಿಜ್ಜಿನ ಗುನುಗಿಗೆ ಶ್ರುತಿ ಮಾಡಬೇಕು. ಫ್ರಿಜ್ಜು ಶುರುವಾದಾಗ ಶುರು, ಫ್ರಿಜ್ಜು ನಿಂತಾಗ ಮುಕ್ತಾಯ. ಕೊನೆಯ ಪುಟದ ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: “ಫ್ರಿಜ್ಜು ನಿಲ್ಲುವ ತನಕ ಯಾರೂ ನಿಲ್ಲಿಸಕೂಡದು, ಕೊನೆಯ ಸಾಲನ್ನೇ ಮತ್ತೆ ಮತ್ತೆ ನುಡಿಸುತ್ತಿರಬೇಕು.” ಜೊತೆಗೊಂದು ಚೀಟಿ. ಇದೇ ಫ್ರಿಜ್ಜು, ಇದೇ ಸ್ವರ, ವೇದಿಕೆಯ ಮೇಲೆ. ಇಲ್ಲದಿದ್ದರೆ ಕೃತಿಯನ್ನು ವಾಪಸು ಪಡೆಯುತ್ತೇನೆ.

ಮೇಷ್ಟ್ರು ಆ ಚೀಟಿಯನ್ನು ಎದೆಗೊತ್ತಿಕೊಂಡರು. “ಈ ಕಾರ್ಯಕ್ರಮ ಆಗ್ಲಿ, ಊರಿನಲ್ಲಿ ಯಾರೂ ಗಿಟಾರನ್ನ ಮೊದಲಿನ ಹಾಗೆ ಕೇಳೋಕಾಗಲ್ಲ” ಎಂದು ಘೋಷಿಸಿದರು. ಒಂದು ಸಣ್ಣ ಕೆಲಸ ಬಾಕಿ ಉಳಿದಿತ್ತು. ಫ್ರಿಜ್ಜನ್ನು ವೇದಿಕೆಗೆ ಒಯ್ಯುವ ವಿಷಯವನ್ನು ಹೆಂಡತಿಗೆ ಹೇಳಬೇಕಿತ್ತು. ಇವತ್ತು ಅವಳಿಗೆ ತಲೆನೋವು, ನಾಳೆ ಹೇಳಿದರಾಯಿತು. ನಾಳೆ ಅಂಗಡಿಯಲ್ಲಿ ಸ್ಟಾಕ್ ನೋಡುವ ದಿನ, ನಾಡಿದ್ದು ಹೇಳಿದರಾಯಿತು. ಹೀಗೆ ಆರು ವಾರ ಕಳೆದವು. ಅಭ್ಯಾಸವೆಲ್ಲ ಆಕೆ ಅಂಗಡಿಯಲ್ಲಿರುವಾಗಲೇ ನಡೆಯಿತು. ಭಾವಮೈದ, “ಭಾವ, ಅಕ್ಕನಿಗೆ ಹೇಳಿದ್ರಾ?” ಎಂದಾಗಲೆಲ್ಲ ಮೇಷ್ಟ್ರು ತಂತಿ ಬಿಗಿಮಾಡುತ್ತಿದ್ದರು.

ಕಾರ್ಯಕ್ರಮದ ದಿನ ಬೆಳಿಗ್ಗೆ ಮೇಷ್ಟ್ರು ಸಭಾಂಗಣಕ್ಕೆ ಹೋಗಿ ಕುರ್ಚಿ ಜೋಡಿಸಿ, ಫ್ರಿಜ್ಜಿಗೆ ಒಂದು ಪ್ಲಗ್ ಪಾಯಿಂಟು ನೋಡಿಕೊಂಡು, ಹನ್ನೊಂದು ಗಂಟೆಗೆ ಗೂಡ್ಸ್ ಗಾಡಿಯೊಂದಿಗೆ ಮನೆಗೆ ಬಂದರು. ಉಳಿದ ಮೂವರೂ ಬಂದಿದ್ದರು. ನಾಲ್ಕು ಗಿಟಾರುಗಳೂ ಹಿಂದಿನ ದಿನವೇ ಶ್ರುತಿಯಾಗಿ ನಡುಮನೆಯಲ್ಲಿ ಸ್ಟ್ಯಾಂಡಿಗೆ ಒರಗಿದ್ದವು. ಮೇಷ್ಟ್ರು ಅಡುಗೆಮನೆಗೆ ಹೋಗಿ ನಿಂತರು. ಏನೋ ಕಡಿಮೆಯಾಗಿತ್ತು. ಏನೆಂದು ತಿಳಿಯಲು ಆ ಮಹಾ ಕಿವಿಗೆ ಎರಡು ನಿಮಿಷ ಬೇಕಾಯಿತು.

ಫ್ರಿಜ್ಜು ಮಾತಾಡುತ್ತಿರಲಿಲ್ಲ. ಬಾಗಿಲು ತೆರೆದರೆ ದೀಪ ಹೊತ್ತಿತು, ಹಾಲು ತಣ್ಣಗಿತ್ತು. ಕಂಪ್ರೆಸರಿನ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು, ಓಡುತ್ತಲೇ ಇತ್ತು. ಸದ್ದು ಮಾತ್ರ ಸೂಜಿಯಷ್ಟೂ ಇಲ್ಲ. ಮೇಷ್ಟ್ರು ಹೆಂಡತಿಗೆ ಫೋನು ಹಚ್ಚಿದರು.

“ನೋಡಿದ್ರಾ?” ಎಂದಳು ಆಕೆ. ದನಿಯಲ್ಲಿ ಸಂಭ್ರಮವಿತ್ತು. “ನಮ್ಮ ಅಂಗಡಿ ಫ್ರಿಜ್ಜು ನೋಡ್ಕೊಳ್ತಾರಲ್ಲ ಆ ಮೆಕ್ಯಾನಿಕ್, ಅವರನ್ನ ಬೆಳಿಗ್ಗೆ ಬೀಗದ ಕೈ ಕೊಟ್ಟು ಕಳಿಸಿದ್ದೆ. ನೀವು ಒಂಬತ್ತು ವರ್ಷದಿಂದ ಬೈತಾ ಇದ್ರಲ್ಲ, ಇವತ್ತಾದ್ರೂ ನೆಮ್ಮದಿಯಾಗಿ ನುಡಿಸ್ಕೊಂಡು ಹೋಗ್ಲಿ ಅಂತ. ಹೊಸ ರಬ್ಬರ್ ಹಾಕ್ಸಿದೀನಿ. ಸುಮ್ನಾಗಿದೆ ತಾನೆ?”

“ಸುಮ್ನಾಗಿದೆ” ಎಂದರು ಮೇಷ್ಟ್ರು. “ಅದು ಇವತ್ತು ಸಂಜೆ ನುಡಿಸ್ಬೇಕಿತ್ತು.”

“ಯಾವುದು?”

“ಫ್ರಿಜ್ಜು.”

ಆ ಕಡೆ ಗಿರಾಕಿಯೊಬ್ಬರು ಕೆಮ್ಮಿನ ಔಷಧಿ ಕೇಳುವುದು ಕೇಳಿಸಿತು. ಆಮೇಲೆ ಆಕೆ, “ಅಲ್ಲೇ ಇರಿ, ಬರ್ತೀನಿ” ಎಂದು ಫೋನಿಟ್ಟಳು.

ಮೆಕ್ಯಾನಿಕ್ಕನ್ನೂ ಕರೆದುಕೊಂಡೇ ಬಂದಳು. ಮೇಷ್ಟ್ರು ಆತನ ಕೈ ಹಿಡಿದುಕೊಂಡು, “ದಯವಿಟ್ಟು ಮೊದಲಿನ ಹಾಗೆ ಕೆಡಿಸಿಕೊಡಿ” ಎಂದು ಬೇಡಿಕೊಂಡರು.

“ಕೆಡಿಸೋದಾ?” ಮೆಕ್ಯಾನಿಕ್ ಮನೆಯೊಡತಿಯ ಮುಖ ನೋಡಿದ. “ಇಷ್ಟು ವರ್ಷದ ಸರ್ವಿಸ್‌ನಲ್ಲಿ ಯಾರೂ ಹೀಗೆ ಕೇಳಿಲ್ಲ ಸರ್. ನನ್ನ ಕೈಯಿಂದ ರಿಪೇರಿಯಾದ್ದನ್ನ ನಾನೇ ಕೆಡಿಸಲ್ಲ.”

“ಹಳೇ ರಬ್ಬರಾದ್ರೂ ಕೊಡಿ, ನಾನೇ ಹಾಕ್ಕೋತೀನಿ.”

“ಕಸದ ಗಾಡಿಗೆ ಹಾಕ್ದೆ. ಅದು ರಬ್ಬರ್ ಆಗಿ ಉಳಿದಿರ್ಲಿಲ್ಲ ಸರ್, ಪುಡಿ ಆಗಿತ್ತು.”

ಆತ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಒಳಗೆ ಶಸ್ತ್ರಚಿಕಿತ್ಸೆ ಶುರುವಾಯಿತು. ಮೇಷ್ಟ್ರು ರಟ್ಟು ಮಡಚಿ ಕಂಪ್ರೆಸರಿನ ಕೆಳಗೆ ತುರುಕಿದರು. ಫ್ರಿಜ್ಜು ಇನ್ನಷ್ಟು ಸುಖವಾಗಿ ಕೂತಿತು. ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು ಸಂದಿಯಲ್ಲಿ ನೋಡಿ, “ಬುಡ ಗಟ್ಟಿಯಾಗಿದೆ, ಅಲ್ಲಾಡಲ್ಲ” ಎಂದರು. ಹೀಗೆ ಹೇಳುವಾಗ ಅವರಿಗೆ ಸಂತೋಷವೇ ಆದಂತಿತ್ತು. ಭಾವಮೈದ ಹಿಂದಿನ ತಂತಿಜಾಲಕ್ಕೆ ಎರಡು ಚಮಚ ಸಿಕ್ಕಿಸಿದ. ಈಗ ಸದ್ದೇನೋ ಬಂತು, ಸಾಮಾನಿನ ಬುಟ್ಟಿ ಮೆಟ್ಟಿಲಿಳಿದ ಹಾಗೆ.

“ಇದಾ?” ಎಂದ ಭಾವಮೈದ.

“ಇದಲ್ಲ. ಅದು ಇನ್ನೂ... ಸ್ವಲ್ಪ ಮೇಲೆ... ಅಲ್ಲ, ಕೆಳಗೆ...” ಮೇಷ್ಟ್ರು ಕಣ್ಣು ಮುಚ್ಚಿದರು. ಆರು ವಾರ ಅದರ ಜೊತೆ ನುಡಿಸಿದ್ದರು, ಒಂಬತ್ತು ವರ್ಷ ಅದನ್ನು ಬೈದಿದ್ದರು. ಸ್ವರವನ್ನು ಬೇಕಾದರೆ ತಂತಿ ಮೀಟಿ ತೋರಿಸಬಹುದಿತ್ತು. ಆ ಸ್ವರದೊಳಗಿನ ನಡುಕ, ಗರಗರ, ನಡುನಡುವೆ ತಡವರಿಸುವುದು, ಯಾವುದೂ ಹೊಳೆಯಲಿಲ್ಲ. ಗಡಿಯಾರ ಒಂದು ಗಂಟೆ ದಾಟಿತು. ಎರಡು ವರ್ಷ ಬರೆದ ಕಾಗದಗಳೆಲ್ಲ ಕಣ್ಣಮುಂದೆ ಬಂದು, ಮೇಷ್ಟ್ರು ಈರುಳ್ಳಿ ಬುಟ್ಟಿಯ ಪಕ್ಕ ನೆಲದ ಮೇಲೇ ಕೂತರು. ಅವರಿಗೆ ನಿಜವಾಗಿ ಅಳು ಬಂದಿತ್ತು.

ಹೆಂಡತಿ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ತನಗೆ ಹೇಳದೆ ಮುಚ್ಚಿಟ್ಟರೆಂಬ ಕೋಪ ಇನ್ನೂ ಇಳಿದಿರಲಿಲ್ಲ. ಆದರೆ ಇವರ ತಡಕಾಟ ನೋಡಲಾಗಲಿಲ್ಲ.

“ಅದು ಹಾಗಿರ್ಲಿಲ್ಲ ರೀ” ಎಂದಳು. “ಹೀಗಿತ್ತು.”

ಬಾಯಿ ಮುಚ್ಚಿಕೊಂಡೇ ಗುನುಗಿದಳು. ಮೂಗಿನಿಂದ, ಗಂಟಲಿನಿಂದ, ಒಂದು ಚೂರು ಗರಗರ ಸೇರಿಸಿ. ನಡುಮನೆಯಲ್ಲಿ ಯಾರೂ ಮುಟ್ಟದ ನಾಲ್ಕು ಗಿಟಾರುಗಳ ತಂತಿಗಳು ಸಣ್ಣಗೆ ಝುಂ ಎಂದವು. ಪೋಸ್ಟ್‌ಮಾಸ್ಟರಮ್ಮ ಓಡಿಹೋಗಿ ತಂತಿಗೆ ಬೆರಳು ತಾಗಿಸಿ ನೋಡಿ ಬಂದರು.

“ಒಂದು ಸ್ಥಾಯಿ ಮೇಲಿದೆ. ಸ್ವರ ಮಾತ್ರ ಅದೇ, ಕೂದಲೆಳೆ ಆಚೀಚೆ ಇಲ್ಲ” ಎಂದರು.

“ನಿನಗೆ ಇದು ಯಾವಾಗಿಂದ ಬರತ್ತೆ?” ಎಂದು ಮೇಷ್ಟ್ರು ಕೂತಲ್ಲಿಂದಲೇ ಕೇಳಿದರು.

“ಒಂಬತ್ತು ವರ್ಷದಿಂದ ಅದರ ಪಕ್ಕದಲ್ಲಿ ನಿಂತು ಪಾತ್ರೆ ತೊಳೀತೀನಿ. ದಿನಾ ಅದರ ಜೊತೆ ಗುನುಗ್ತೀನಿ. ನೀವು ಪಕ್ಕದ ಕೋಣೇಲೇ ಇರ್ತೀರಿ.”

ಮೇಷ್ಟ್ರು ಉತ್ತರಕ್ಕಾಗಿ ಈರುಳ್ಳಿ ಬುಟ್ಟಿಯನ್ನು ನೋಡಿದರು.

ಸಂಜೆ ಫ್ರಿಜ್ಜಿನ ಹಿಂದೆ ಕೂತು ಗುನುಗಲು ಹೆಂಡತಿ ಒಪ್ಪಿದಳು, ಆದರೆ ಕರಾರಿನ ಮೇಲೆ. ಹಾಲು, ತರಕಾರಿಯೆಲ್ಲ ಪಕ್ಕದ ಮನೆಗೆ ಸಾಗಿಸುವುದು ಮೇಷ್ಟ್ರ ಕೆಲಸ. ಎರಡನೆಯದು, “ಯಾವಾಗ ನಿಲ್ಲಿಸಬೇಕು ಅಂತ ನನಗೆ ಯಾರೂ ಹೇಳಬಾರ್ದು. ಫ್ರಿಜ್ಜಿಗೆ ನೀವು ಯಾವತ್ತಾದ್ರೂ ಹೇಳಿದ್ರಾ?” ಹೌದಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ಅದರಲ್ಲಿ ಅಪಾಯವಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಸಂಜೆ ಆರಕ್ಕೆ ಪರದೆ ಸರಿಯಿತು. ನಡುವೆ ಫ್ರಿಜ್ಜು ನಿಂತಿತ್ತು. ಎರಡೂ ಕಡೆ ಇಬ್ಬಿಬ್ಬರಂತೆ ನಾಲ್ವರು ಕೂತಿದ್ದರು. ಫ್ರಿಜ್ಜಿನ ಹಿಂದೆ, ಬಚ್ಚಲಿನ ಗಿಡ್ಡ ಸ್ಟೂಲಿನ ಮೇಲೆ, ಹೆಂಡತಿ. ಮುಂದಿನ ಸಾಲಿನಲ್ಲಿ ಸಂಯೋಜಕಿ. ಅವರ ಪಕ್ಕದಲ್ಲಿ, ತಾನು ರಿಪೇರಿ ಮಾಡಿದ ಫ್ರಿಜ್ಜು ಸದ್ದು ಮಾಡಿದರೆ ತನ್ನ ಹೆಸರು ಕೆಡುತ್ತದೆಂಬ ಚಿಂತೆಯಲ್ಲಿ ಮೆಕ್ಯಾನಿಕ್.

ಹೆಂಡತಿ ಹಿಮ್ಮಡಿಯಿಂದ ಫ್ರಿಜ್ಜಿನ ಬುಡಕ್ಕೊಂದು ಒದ್ದಳು. ಗಡಕ್. ಗುನುಗು ಶುರುವಾಯಿತು, ಗಿಟಾರುಗಳು ಒಂದೊಂದಾಗಿ ಕೂಡಿಕೊಂಡವು. ಮೇಷ್ಟ್ರೇ ಆಮೇಲೆ ಒಪ್ಪಿಕೊಂಡಂತೆ, ಅಭ್ಯಾಸದಲ್ಲಿ ಒಂದು ದಿನವೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಸಭಿಕರಲ್ಲಿ ಯಾರೂ ಚಪ್ಪಲಿ ಹುಡುಕಲಿಲ್ಲ. ಹತ್ತು ನಿಮಿಷವಾಯಿತು. ಹನ್ನೊಂದಾಯಿತು. ನಾಲ್ವರೂ ಕೊನೆಯ ಸಾಲಿಗೆ ಬಂದು ಕಾದರು.

ಫ್ರಿಜ್ಜು ನಿಲ್ಲಲಿಲ್ಲ.

ಹನ್ನೆರಡು, ಹದಿಮೂರು. ಕೊನೆಯ ಸಾಲೆಂದರೆ ಕಿರುಬೆರಳನ್ನು ಗಿಟಾರಿನ ಕತ್ತಿನ ಮೇಲೆ ಐದು ಮನೆ ಆಚೆ ಚಾಚಿ ಹಿಡಿಯುವ ಸಾಲು. ಅದನ್ನು ಮೇಷ್ಟ್ರೇ “ಇನ್ನೂ ಕಷ್ಟವಾಗಿರಲಿ” ಎಂದು ಕೇಳಿ ಬರೆಸಿಕೊಂಡಿದ್ದರು. ಹದಿನೈದನೇ ನಿಮಿಷಕ್ಕೆ ಕಿರುಬೆರಳು ಸೆಟೆಯಿತು. ಮೇಷ್ಟ್ರು ಮೆಲ್ಲಗೆ ಹಿಂದೆ ವಾಲಿ, “ಸಾಕು ಕಣೇ” ಎಂದು ಪಿಸುಗುಟ್ಟಿದರು. ಫ್ರಿಜ್ಜಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು, ಮತ್ತೊಮ್ಮೆ ಹೇಳಿದರು. ಮೂರು ಸಲ ಕೂಗಿದರೂ ಕೇಳಿಸದಿರುವುದು ಆ ಮನೆಗೆ ಹೊಸದೇನಲ್ಲ. ಹತ್ತೊಂಬತ್ತನೇ ನಿಮಿಷಕ್ಕೆ ಫ್ರಿಜ್ಜು ಮೈ ಒದರಿಕೊಂಡು, ಗಡಕ್ ಎಂದು ತನ್ನ ಪಾಡಿಗೆ ನಿಂತಿತು.

ಚಪ್ಪಾಳೆ ಜೋರಾಗಿಯೇ ಬಂತು. ಸಂಯೋಜಕಿ ವೇದಿಕೆ ಹತ್ತಿ ಬಂದರು. ಮೇಷ್ಟ್ರು ಬೆರಳು ಉಜ್ಜಿಕೊಳ್ಳುತ್ತಾ ಎದ್ದುನಿಂತರು.

“ಫ್ರಿಜ್ಜುಗಳನ್ನ ಬಹಳ ಕೇಳಿದೀನಿ” ಎಂದರು ಆಕೆ. “ಉಸಿರು ತಗೊಳ್ಳೋ ಫ್ರಿಜ್ಜು ಇದೇ ಮೊದಲು.”

ಮೇಷ್ಟ್ರು, ಇನ್ನು ಕೃತಿ ಕೈಬಿಟ್ಟಂತೆಯೇ ಎಂದುಕೊಂಡು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡುಬಿಟ್ಟರು. ಸಂಯೋಜಕಿ ಅವರ ಮಾತು ಮುಗಿಯುವ ಮೊದಲೇ ಫ್ರಿಜ್ಜಿನ ಹಿಂದಕ್ಕೆ ಹೋಗಿ, ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಮಾತಾಡತೊಡಗಿದ್ದರು. ಹೊರಗೆ ಬಂದಾಗ ಅವರ ಮುಖ ಅರಳಿತ್ತು.

“ಈ ಕೃತಿ ಹೀಗೇ ಇರ್ಲಿ. ಮುಂದಿನದು ಇವರಿಗೇ ಬರೀತೀನಿ. ಜೊತೆಗೆ ಗಿಟಾರು ಒಂದಿದ್ರೆ ಸಾಕು.”

ಮೇಷ್ಟ್ರು ಧನ್ಯರಾಗಿ ಬಗ್ಗಿ ಕೈಮುಗಿದರು.

“ಪೋಸ್ಟ್‌ಮಾಸ್ಟರಮ್ಮನವರದ್ದು” ಎಂದರು ಸಂಯೋಜಕಿ.

ಫ್ರಿಜ್ಜು ಮನೆಗೆ ವಾಪಸು ಬಂತು. ಈಗ ಅಡುಗೆಮನೆ ನಿಶ್ಶಬ್ದ. ಒಂಬತ್ತು ವರ್ಷ ಬಯಸಿದ ನೆಮ್ಮದಿ ಸಿಕ್ಕ ಮೇಲೆ ಮೇಷ್ಟ್ರಿಗೆ ಅಭ್ಯಾಸ ಒಂದು ದಿನವೂ ಸರಿಯಾಗಿ ಕೂಡಲಿಲ್ಲ. ಏನೇ ನುಡಿಸಿದರೂ ಮನೆ ಖಾಲಿ ಎನ್ನಿಸುತ್ತಿತ್ತು. ಪಕ್ಕದ ಕೋಣೆಯಲ್ಲಿ ಒಬ್ಬಳು ಅಷ್ಟು ವರ್ಷ ಹಾಡಿಕೊಂಡಿದ್ದಳು, ತಾನು ಸೊಳ್ಳೆಗಳಿಗೆ ಹೆಸರಿಡುತ್ತಾ ಕೂತಿದ್ದೆ ಎಂದು ನೆನೆದು ಅವರಿಗೆ ನಾಚಿಕೆಯಾಯಿತು. ಒಂದು ಭಾನುವಾರ ಗಿಟಾರು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹೆಂಡತಿ ಕುರ್ಚಿ ಎಳೆದುಕೊಂಡು ಪೇಪರ್ ಓದುತ್ತಿದ್ದಳು. ತೊಟ್ಟಿಯ ತುಂಬ ಪಾತ್ರೆಗಳಿದ್ದವು.

“ಸ್ವಲ್ಪ ಶ್ರುತಿ ಕೊಡ್ತೀಯಾ?” ಎಂದರು.

ಆಕೆ ಪೇಪರಿನಿಂದ ತಲೆಯೆತ್ತಲಿಲ್ಲ.

“ಕಂಪ್ರೆಸರ್ ಈಗ ರೆಸ್ಟಲ್ಲಿದೆ. ಅಷ್ಟರಲ್ಲಿ ಆ ಪಾತ್ರೆ ತೊಳೀರಿ. ಹನ್ನೊಂದು ನಿಮಿಷ ಆಗತ್ತೆ.”