ಪಿ.ಕೆ.ಎಚ್. ಗುರುತಿನ ಜರ್ಮನ್ ಚೂರಿ

ಚೂರಿಯ ಅಲಗು ನೋಡಿದ ಕೂಡಲೇ ಅದು ಯಾವ ದೇಶದ ಉಕ್ಕು ಎಂದು ಹೇಳಬಲ್ಲವರು ಬೆಳ್ತಂಗಡಿ ತಾಲೂಕಿನಲ್ಲಿ ಒಬ್ಬರೇ ಇದ್ದರು. ಅದು ನಾನು. ಈ ವಿಷಯದಲ್ಲಿ ನನಗೆ ಸಂಶಯ ಇರಲಿಲ್ಲ, ಊರಿನವರಿಗೂ ಇರಲಿಲ್ಲ. ಸಂಶಯ ಇದ್ದದ್ದು ನನ್ನ ಹೆಂಡತಿ ಜುಬೈದಾಳಿಗೆ ಮಾತ್ರ.

ನಾನು ಸೌದಿಯ ದಮಾಮಿನಲ್ಲಿ ಬೇಟೆ ಸಾಮಾನು ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಕೆಲವು ವರ್ಷ ದುಡಿದವನು. ಅರಬರು ಬಂದು ಚೂರಿಗಳನ್ನು ಬೆಳಕಿಗೆ ಹಿಡಿದು ನೋಡಿ, ಉಗುರಿನಿಂದ ಟಿಣ್ ಎಂದು ತಟ್ಟಿ, ತಲೆಯಾಡಿಸಿ ಕೊಂಡುಹೋಗುತ್ತಿದ್ದರು. ನನ್ನ ಕೆಲಸ ಹಿಂದಿನ ಗೋದಾಮಿನಲ್ಲಿ. ಪೆಟ್ಟಿಗೆ ಬಿಚ್ಚಿ, ಅಲಗಿಗೆ ಮೆತ್ತಿದ ಎಣ್ಣೆ ಒರೆಸಿ, ಮುಂದಕ್ಕೆ ಕಳಿಸುವುದು. ಒರೆಸುವಾಗ ಹಿಡಿಯ ಪಕ್ಕದಲ್ಲಿ ಅಲಗಿನ ಬುಡಕ್ಕೆ ಒತ್ತಿದ ಗುರುತುಗಳನ್ನು ಓದುತ್ತಿದ್ದೆ. ಒಂದರಲ್ಲಿ ಕಿರೀಟ, ಇನ್ನೊಂದರಲ್ಲಿ ಬಾಣ, ಕೆಳಗೆ ಜರ್ಮನಿಯ ಸೋಲಿಂಗನ್ ಅಂತಲೋ ಇಂಗ್ಲೆಂಡಿನ ಶೆಫೀಲ್ಡ್ ಅಂತಲೋ ಊರಿನ ಹೆಸರು. ತೊಂಬತ್ತರ ದಶಕದ ಕೊನೆಗೆ ಊರಿಗೆ ಬಂದು ಬೆಳ್ತಂಗಡಿ ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಾಗ ಈ ವಿದ್ಯೆ ನನ್ನ ಜೊತೆಗೇ ಬಂತು. ಗೋದಾಮಿನ ವಿಷಯ ಮಾತ್ರ ದಮಾಮಿನಲ್ಲೇ ಉಳಿಯಿತು.

ನನ್ನ ಅಂಗಡಿಯ ಎದುರಿಗೆ ಶೀನ ಶೆಟ್ಟರ ಹೋಟೆಲು. ಒಂದು ದಿನ ಶೆಟ್ಟರು ಹೆಗಲಿಗೆ ಹಾಕುವ ಹಳೆಯ ಬೈರಾಸಿನಲ್ಲಿ ಏನನ್ನೋ ಸುತ್ತಿಕೊಂಡು ಬಂದು ನನ್ನ ಬಳೆ ಪೆಟ್ಟಿಗೆಗಳ ಮೇಲೆ ಬಿಚ್ಚಿಟ್ಟರು. ಬೇಟೆಯ ಚೂರಿ. ಕಡವೆ ಕೊಂಬಿನ ಹಿಡಿ, ಗೇಣುದ್ದದ ಅಲಗು, ಬುಡದಿಂದ ತುದಿಯವರೆಗೆ ತುಕ್ಕು.

"ಹಮೀದಾಕ, ಇದು ನಮ್ಮ ಅಪ್ಪನದ್ದು. ನೆರಿಯ ಕಡೆ ತೋಟ ಮಾಡ್ತಿದ್ದ ಒಬ್ಬ ಬಿಳಿ ದೊರೆ ಕೊಟ್ಟದ್ದಂತೆ. ಇದು ಯಾವ ದೇಶದ್ದು, ಎಂತ ಉಕ್ಕು, ನೀವು ಸ್ವಲ್ಪ ನೋಡಿ ಹೇಳ್ಬೇಕಲ್ಲ."

ಅವಸರಕ್ಕೆ ಕಾರಣವಿತ್ತು. ಶೆಟ್ಟರ ಮಗಳು ಸುಜಾತಾಳಿಗೆ ಮೂಡುಬಿದಿರೆಯ ಪಡುಮನೆ ಹೆಗ್ಡೆಯವರ ಕುಟುಂಬದಿಂದ ಸಂಬಂಧ ಕೂಡಿಬಂದಿತ್ತು. ಹುಡುಗ ದುಬಾಯಿಯಲ್ಲಿ. ಆ ಮನೆಯಲ್ಲಿ ಎಲ್ಲರೂ ಒಪ್ಪಿದರೂ ಹುಡುಗನ ಅಜ್ಜ ಒಪ್ಪಬೇಕು. ಅಜ್ಜನಿಗೆ ಹಳೆಯ ಬೇಟೆ ಚೂರಿಗಳ ಮರುಳು. ಅವರ ಚಾವಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಚೂರಿಗಳೇ ಇವೆಯಂತೆ.

"ನಿಶ್ಚಯದ ದಿನ ಅಜ್ಜನಿಗೆ ಇದನ್ನು ತೋರಿಸುವ ಅಂತ," ಎಂದರು ಶೆಟ್ಟರು. "ನಾವೂ ಏನು ಕಡಿಮೆ ಇಲ್ಲ ಅಂತ ಅವರಿಗೆ ಗೊತ್ತಾಗ್ಲಿ. ಆದ್ರೆ ಅವರು ಎಂತಾದ್ರೂ ಕೇಳಿದ್ರೆ ನನಗೆ ಹೇಳ್ಲಿಕ್ಕೆ ಬರುದಿಲ್ಲ. ನೀವು ಬಂದು ಹೇಳ್ಬೇಕು."

ಒಬ್ಬ ಹೆಣ್ಣುಮಗಳ ಮದುವೆಯೇ ನನ್ನ ವಿದ್ಯೆಯ ಮೇಲೆ ನಿಂತಿದೆ ಎಂದಾದಾಗ ಇಲ್ಲ ಎನ್ನುವುದು ಹೇಗೆ? ಚೂರಿಯನ್ನು ಮನೆಗೆ ತಂದೆ.

ಮೊದಲು ಅಯಸ್ಕಾಂತ ಪರೀಕ್ಷೆ. ಹಾಳಾದ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು ಅಲಗಿಗೆ ಹಿಡಿದೆ. ಅಂಟಿತು. ಚೂರಿ ಮರದ್ದಲ್ಲ ಎಂಬುದು ಖಚಿತವಾಯಿತು.

ಎರಡನೆಯದು ಹುಳಿಯ ಪರೀಕ್ಷೆ. ಹಳೇ ಕಾಲದ ಕಾರ್ಬನ್ ಉಕ್ಕಾದರೆ ಹುಳಿ ತಾಗಿದಲ್ಲಿ ಕಪ್ಪಾಗುತ್ತದೆ. ಈಗಿನ ಸ್ಟೀಲಾದರೆ ಆಗುವುದಿಲ್ಲ. ಇದಕ್ಕೆ ಒಂದು ಹನಿ ಲಿಂಬೆರಸ ಸಾಕು. ನಾನು ಆರೇಳು ಲಿಂಬೆ ಹಿಂಡಿ, ಅಲಗನ್ನು ತಟ್ಟೆಯ ರಸದಲ್ಲಿ ಮುಳುಗಿಸಿಟ್ಟು ಅಂಗಡಿಗೆ ಹೋದೆ. ಸಂಜೆ ಬಂದು ನೋಡಿದರೆ ಅಲಗು ದೋಸೆ ಕಾವಲಿಯ ತಳದ ಹಾಗೆ ಕಪ್ಪಾಗಿತ್ತು.

"ಕಾರ್ಬನ್ ಉಕ್ಕು," ಎಂದೆ ಜುಬೈದಾಳಿಗೆ.

"ಅವರು ಕೊಡುವಾಗ ಕೆಂಪಿತ್ತು. ಈಗ ಕಪ್ಪುಂಟು," ಎಂದಳು ಅವಳು. "ವಾಪಸ್ ಕೊಡುವಾಗ ಯಾವ ಬಣ್ಣದಲ್ಲಿ ಕೊಡ್ತೀರಿ?"

ಕಪ್ಪನ್ನು ತೆಗೆಯಲು ಹುಣಸೆಹುಳಿ ಹಾಕಿ ತಿಕ್ಕಿದೆ. ಹುಣಸೆಯೂ ಹುಳಿಯೇ ಎಂಬುದು ಆಮೇಲೆ ನೆನಪಾಯಿತು. ಇನ್ನು ಸುಟ್ಟು ತೆಗೆಯುವುದೇ ದಾರಿ ಎಂದುಕೊಂಡು ಗ್ಯಾಸ್ ಒಲೆ ಹೊತ್ತಿಸಿ, ಅಲಗನ್ನು ಬೆಂಕಿಗೆ ಹಿಡಿದೆ. ತುದಿಯಿಂದ ಅರ್ಧದವರೆಗೆ ಚೆನ್ನಾಗಿ ಕೆಂಪಾಯಿತು. ಕೆಂಪಾದ ಕಬ್ಬಿಣವನ್ನು ನೀರಿಗೆ ಅದ್ದಬೇಕೆಂದು ಯಾರಿಗೆ ಗೊತ್ತಿಲ್ಲ? ಬಾಲ್ದಿಗೆ ಅದ್ದಿದೆ. ಚುಂಯ್ ಎಂದಿತು. ಜುಬೈದಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನೋಡಿದಳು.

"ಅದು ಎಂತಕ್ಕೆ?"

"ಗಟ್ಟಿಯಾಗ್ಲಿಕ್ಕೆ."

"ಅಷ್ಟರವರೆಗೆ ಮೆತ್ತಗಿತ್ತಾ?"

ಇಂಥ ಪ್ರಶ್ನೆಗಳಿಗೆ ತಜ್ಞರು ಉತ್ತರಿಸುವುದಿಲ್ಲ. ಪಾತ್ರೆ ತೊಳೆಯುವ ಪುಡಿ ಹಾಕಿ ತಿಕ್ಕಿದಾಗ ಅಲಗು ಹೊಳೆಯತೊಡಗಿತು. ಆಗ ಹಿಡಿಯ ಪಕ್ಕದಲ್ಲಿ ತುಕ್ಕಿನಡಿಯಿಂದ ಗುರುತು ಮೇಲೆದ್ದಿತು. ಬಂಟ್ವಾಳದಲ್ಲಿ ವಾಚ್ ರಿಪೇರಿ ಮಾಡುವ ನನ್ನ ಭಾವನಿಂದ ಭೂತಗನ್ನಡಿ ತರಿಸಿ ನೋಡಿದೆ. ಇಂಗ್ಲಿಷಿನ ಮೂರು ಅಕ್ಷರಗಳು. ಪಿ, ಕೆ, ಎಚ್.

ಅಂಥ ಗುರುತು ದಮಾಮಿನಲ್ಲಿ ನಾನು ಕಂಡಿರಲಿಲ್ಲ. ಹಾಗಾಗಿ ಅದು ಬಹಳ ಅಪರೂಪದ್ದು ಎಂದು ತಿಳಿಯಿತು. ಪಿ ಎಂದರೆ ಪ್ರಷ್ಯ, ಹಳೆಯ ಜರ್ಮನಿ. ಶಾಲೆಯ ಇತಿಹಾಸ ಪುಸ್ತಕದಲ್ಲಿತ್ತು. ಕೆ ಎಂದರೆ ಕಾರ್ಬನ್. ಜರ್ಮನರು ಅದನ್ನು ಕೆ ಅಕ್ಷರದಿಂದ ಬರೆಯುತ್ತಾರೆಂದು ನನಗೆ ಆ ಕ್ಷಣದಲ್ಲಿ ಹೊಳೆಯಿತು. ಎಚ್ ಎಂದರೆ ಹಾರ್ಡ್, ಗಟ್ಟಿ.

ಜುಬೈದಾ ಕೈ ಒರೆಸಿಕೊಂಡು ಬಂದು ಕನ್ನಡಿಯಲ್ಲಿ ಇಣುಕಿದಳು. "ನಮ್ಮ ತುಪ್ಪದ ಅನ್ನ ಮಾಡುವ ದೊಡ್ಡ ಪಾತ್ರೆಯಲ್ಲಿಯೂ ಹೀಗೇ ಮೂರಕ್ಷರ ಉಂಟು."

"ಅದು ನಿನ್ನ ಬಾಪಾನ ಹೆಸರಿನ ಅಕ್ಷರ."

"ಅದನ್ನೇ ಹೇಳಿದ್ದು."

"ಪಾತ್ರೆ ಬೇರೆ, ಚೂರಿ ಬೇರೆ," ಎಂದೆ.

"ಗೊತ್ತಿಲ್ಲ ಅಂತ ಶೆಟ್ರಿಗೆ ಹೇಳಿದ್ರೆ ಎಂತ ಆಗ್ತದೆ?" ಎಂದು ಅವಳು ಕೇಳಿದಳು. ಗಲ್ಫಿನಿಂದ ಬಂದವನಿಗೆ ನಮ್ಮೂರಿನಲ್ಲಿ ಗೊತ್ತಿಲ್ಲ ಎನ್ನುವ ಅಧಿಕಾರವಿಲ್ಲ ಎಂಬುದು ಅವಳಿಗೆ ಅರ್ಥವಾಗುತ್ತಿರಲಿಲ್ಲ.

ನಿಶ್ಚಯ ನಡೆದದ್ದು ಕೊಕ್ಕಡದಲ್ಲಿರುವ ಶೆಟ್ಟರ ಮನೆಯಲ್ಲಿ. ನಾನು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಕಿಸೆಯಲ್ಲಿ ಭೂತಗನ್ನಡಿ ಇಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಚಾವಡಿ ತುಂಬ ನೆಂಟರು. ನಡುವೆ ಕುರ್ಚಿಯಲ್ಲಿ ಪಡುಮನೆಯ ಅಜ್ಜ. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ, ಮಾತು ಕಡಿಮೆ. ವೀಳ್ಯದೆಲೆ, ಅಡಿಕೆ, ಹೂವಿನ ಹರಿವಾಣ ಎದುರಿನ ಮೇಜಿನ ಮೇಲಿತ್ತು. ಎರಡು ಕಡೆಯವರು ಅದನ್ನು ಬದಲಾಯಿಸಿಕೊಂಡರೆ ಮಾತು ಮುಗಿದ ಹಾಗೆ.

ಅದಕ್ಕಿಂತ ಮೊದಲು ಶೆಟ್ಟರು ಬೇಟೆಯ ಮಾತು ತೆಗೆದರು. "ನಮ್ಮ ಅಪ್ಪ ಅಂದ್ರೆ ಆ ಕಾಲದಲ್ಲಿ ಹೆಸರು. ನೆರಿಯದ ಕಾಡಿನಲ್ಲಿ ಯಾರು ಬೇಟೆ ಇಟ್ರೂ ಬರ್ಬೇಕು ಅಂತ ಅಪ್ಪನಿಗೆ ಹೇಳಿಕೆ ಬರುದೇ. ಅವರ ಚೂರಿ ಈಗಲೂ ಉಂಟು. ಅದರ ವಿಷಯ ನಮ್ಮ ಹಮೀದಾಕ ಹೇಳ್ತಾರೆ. ಗಲ್ಫಿನಲ್ಲಿ ಅದನ್ನೇ ಕಲ್ತು ಬಂದವರು."

ನಾನು ಎದ್ದು ನಿಂತೆ. ಚೂರಿಯನ್ನು ಬೆಳಕಿಗೆ ಹಿಡಿದೆ. ಉಗುರಿನಿಂದ ತಟ್ಟಿದೆ. ಕಾರ್ಬನ್ ಉಕ್ಕಿನ ಗುಣಗಳನ್ನು ವಿವರಿಸಿದೆ. ಅಜ್ಜ ಮುಂದಕ್ಕೆ ಬಾಗಿ ಕುಳಿತರು. ಶೆಟ್ಟರ ಮುಖ ಅರಳಿತು. ಕೊನೆಗೆ ನಾನು ಭೂತಗನ್ನಡಿ ಹೊರತೆಗೆದು, "ಇನ್ನು ಇದರ ಗುರುತು. ಇದು ಬಹಳ ಅಪರೂಪ. ಪಿ, ಕೆ, ಎಚ್," ಎಂದು ಚಾವಡಿಗೆಲ್ಲ ಕೇಳುವ ಹಾಗೆ ಓದಿದೆ.

ಅಜ್ಜ ಕೈ ಚಾಚಿದರು. ಚೂರಿಯನ್ನೂ ಕನ್ನಡಿಯನ್ನೂ ಕೊಟ್ಟೆ. ಅವರು ತುಂಬ ಹೊತ್ತು ನೋಡಿದರು.

"ಪ್ರಷ್ಯ," ಎಂದು ನಾನು ಸಹಾಯ ಮಾಡಿದೆ.

"ಪಡುಮನೆ ಕಾಂತಪ್ಪ ಹೆಗ್ಡೆ," ಎಂದರು ಅಜ್ಜ. "ನಮ್ಮ ದೊಡ್ಡಮಾವ. ಅವರು ಪಾತ್ರೆ, ಕೋವಿ, ಚೂರಿ ಎಲ್ಲದಕ್ಕೂ ಹೀಗೆ ಅಕ್ಷರ ಹೊಡೆಸ್ತಿದ್ರು."

ಶೆಟ್ಟರು ಕುರ್ಚಿಯ ಅಂಚಿಗೆ ಸರಿದರು.

ಅಜ್ಜ ನಿಧಾನವಾಗಿ ಹೇಳಿದರು. "ನೆರಿಯದ ಒಂದು ಬೇಟೆಯಲ್ಲಿ ಮಾವ ಹಂದಿಗೆ ಚೂರಿ ಹಾಕಿದ್ರಂತೆ. ಹಂದಿ ಚೂರಿ ಸಮೇತ ಓಡಿತು. ಮತ್ತೆ ಹಂದಿಯೂ ಸಿಗ್ಲಿಲ್ಲ, ಚೂರಿಯೂ ಸಿಗ್ಲಿಲ್ಲ. ಸಾಯುವವರೆಗೆ ಮಾವನಿಗೆ ಅದೇ ಬೇಜಾರು." ಆಮೇಲೆ ಶೆಟ್ಟರ ಕಡೆ ತಿರುಗಿದರು. "ಆ ಬೇಟೆಯಲ್ಲಿ ನಿಮ್ಮ ತಂದೆ ಇದ್ರಾ?"

ಶೆಟ್ಟರು ಹರಿವಾಣದ ಹೂವನ್ನು ಸರಿಪಡಿಸತೊಡಗಿದರು. ಸ್ನೇಹಿತ ಕಷ್ಟದಲ್ಲಿದ್ದಾಗ ಸುಮ್ಮನಿರುವುದು ನನಗೆ ಆಗುವುದಿಲ್ಲ.

"ಇರದೆ ಎಲ್ಲಿ ಹೋಗ್ತಾರೆ?" ಎಂದೆ. "ಶೆಟ್ರು ಈಗಷ್ಟೇ ಹೇಳಿದ್ರಲ್ಲ, ಅವರಿಗೆ ಹೇಳಿಕೆ ಬಾರದ ಬೇಟೆಯೇ ಇಲ್ಲ ಅಂತ."

ಶೆಟ್ಟರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಹುಡುಗನ ಕಡೆಯ ನೆಂಟರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದವರು ಚಪ್ಪಲಿ ಇಟ್ಟ ಕಡೆ ನೋಡಿದರು. ಒಳಗಿನ ಬಾಗಿಲಲ್ಲಿ ಸುಜಾತಾ ನಿಂತಿದ್ದಳು. ಸಣ್ಣವಳಿದ್ದಾಗಿನಿಂದ ನೋಡಿದ ಹುಡುಗಿ. ನನ್ನ ಅಂಗಡಿಯ ಬಳೆ ತೊಟ್ಟವಳು. ಅವಳು ಅಳು ತಡೆಯಲು ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಚೂರಿ ಕದ್ದ ಮನೆಯ ಹುಡುಗಿ ಎಂಬ ಮಾತು ಒಮ್ಮೆ ಬಂದರೆ ಮೂಡುಬಿದಿರೆ ಅಲ್ಲ, ಮಂಗಳೂರಿನವರೆಗೆ ಹೋಗುತ್ತದೆ. ಅದನ್ನು ಕನ್ನಡಿ ಹಿಡಿದು ಸಾಬೀತು ಮಾಡಿದವನು ನಾನು.

"ಯಜಮಾನ್ರೇ," ಎಂದೆ. "ನಿಮ್ಮ ಮಾವನವರ ಚೂರಿ ಎಲ್ಲಿಯದ್ದು?"

"ಶೆಫೀಲ್ಡಿನದ್ದು. ಮಂಗಳೂರಿನಲ್ಲಿ ತೆಗೊಂಡದ್ದು."

"ಹಾಗಾದ್ರೆ ಇದು ಅದಲ್ಲ. ಇದು ಜರ್ಮನ್. ಅಕ್ಷರ ಒಂದೇ ಇರ್ಬಹುದು, ಉಕ್ಕು ಸುಳ್ಳು ಹೇಳುದಿಲ್ಲ. ಜರ್ಮನ್ ಉಕ್ಕು ಬಾಗಿಸಿದ್ರೆ ಬಾಗ್ತದೆ, ಬಿಟ್ರೆ ನೆಟ್ಟಗಾಗ್ತದೆ. ಶೆಫೀಲ್ಡಿನದ್ದು ಹಾಗಲ್ಲ. ತೋರಿಸ್ತೇನೆ."

ಇದೆಲ್ಲ ನನಗೆ ಆಗಲೇ ತೋಚಿದ ಶಾಸ್ತ್ರ. ಅಜ್ಜನ ಕೈಯಿಂದ ಚೂರಿ ತೆಗೆದುಕೊಂಡು, ತುದಿಯನ್ನು ಮೇಜಿನ ಅಂಚಿಗೆ ಊರಿ, ಬಿಸ್ಮಿಲ್ಲಾ ಹೇಳಿ ಬಾಗಿಸಿದೆ.

ಟಕ್ ಎಂದಿತು. ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿದ ಉಕ್ಕು ಗಟ್ಟಿಯಾಗುತ್ತದೆ, ನಿಜ. ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಅರ್ಧ ಅಲಗು ಹಾರಿ ವೀಳ್ಯದ ಹರಿವಾಣದಲ್ಲಿ ಹೂವಿನ ಮೇಲೆ ಬಿತ್ತು. ಉಳಿದರ್ಧ ಹಿಡಿಯೊಂದಿಗೆ ನನ್ನ ಕೈಯಲ್ಲಿತ್ತು. ಅದರಲ್ಲಿ ಪಿ.ಕೆ.ಎಚ್. ಸ್ಪಷ್ಟವಾಗಿ ಕಾಣುತ್ತಿತ್ತು.

ನಾನು ಬಾಗಿಲಿನ ದೂರವನ್ನು ಲೆಕ್ಕ ಹಾಕಿದೆ.

ಅಜ್ಜ ಎದ್ದು ಹರಿವಾಣದಿಂದ ತುಂಡನ್ನು ಎತ್ತಿಕೊಂಡರು. ನನ್ನ ಕೈಯಿಂದ ಹಿಡಿಯನ್ನೂ ತೆಗೆದುಕೊಂಡರು. ಎರಡನ್ನೂ ಜೋಡಿಸಿ ನೋಡಿದರು.

"ನಮ್ಮ ಮಾವನ ಚೂರಿ ಹಂದಿಯ ಎಲುಬಿಗೆ ಬಡಿದ್ರೂ ಬಗ್ಗುವ ಜಾತಿಯದ್ದಲ್ಲ," ಎಂದರು. "ಕೈಯಲ್ಲಿ ಮುರಿಯುವ ಚೂರಿ ಪಡುಮನೆಯದ್ದಾಗ್ಲಿಕ್ಕೆ ಸಾಧ್ಯವೇ ಇಲ್ಲ. ಇದು ಬೇರೆ ಯಾರದ್ದೋ."

"ನಮ್ಮ ಅಪ್ಪನದ್ದೂ ಇರ್ಲಿಕ್ಕಿಲ್ಲ," ಎಂದು ಶೆಟ್ಟರು ಕೂಡಲೇ ಹೇಳಿದರು. "ಎಂತದೋ ತಗಡು. ಅಲ್ವಾ ಹಮೀದಾಕ?"

ಎರಡು ಕಡೆಯ ನೆಂಟರೂ ನನ್ನನ್ನು ನೋಡಿದರು. ಆ ಚಾವಡಿಯಲ್ಲಿ ಅದು ಒಳ್ಳೆಯ ಉಕ್ಕು ಎಂದು ತಿಳಿದವನು, ಅದು ಯಾಕೆ ಮುರಿಯಿತೆಂದೂ ತಿಳಿದವನು ನಾನೊಬ್ಬನೇ. ಜೀವಮಾನದಲ್ಲಿ ಒಮ್ಮೆ ನನಗೆ ಒಂದು ಚೂರಿಯ ವಿಷಯ ಸರಿಯಾಗಿ ಗೊತ್ತಿತ್ತು.

"ತಗಡು," ಎಂದೆ.

"ಹಾಗಾದ್ರೆ ಇಷ್ಟು ಹೊತ್ತು ನೀವು ಹೇಳಿದ್ದು ಎಂತ ಮಾರಾಯ್ರೆ?" ಎಂದರು ಚಪ್ಪಲಿ ನೋಡಿದ್ದ ನೆಂಟರು. ಎಲ್ಲರೂ ನಕ್ಕರು. ಅಜ್ಜ ತುಂಡುಗಳನ್ನು ತಮ್ಮ ಶಾಲಿನಲ್ಲಿ ಸುತ್ತಿಕೊಂಡು, "ಮಕ್ಕಳು ತುಳಿಯುದು ಬೇಡ," ಎಂದರು. ಹರಿವಾಣ ಬದಲಾಯಿತು. ಊಟದ ಹೊತ್ತಿಗೆ ಎರಡೂ ಮನೆಯವರು ಹತ್ತು ವರ್ಷದ ಪರಿಚಯದವರ ಹಾಗೆ ಬೆರೆತಿದ್ದರು. ಅವರಿಗೆ ಮಾತಾಡಲು ಒಂದು ಒಳ್ಳೆಯ ವಿಷಯ ಸಿಕ್ಕಿತ್ತು. ಆ ವಿಷಯ ಎರಡನೇ ಪಂಕ್ತಿಯ ಮೂಲೆಯಲ್ಲಿ ಕೂತು ಪಾಯಸ ಕುಡಿಯುತ್ತಿತ್ತು.

ಮದುವೆಯೂ ಚೆನ್ನಾಗಿ ನಡೆಯಿತು. ಸುಜಾತಾ ದುಬಾಯಿಗೆ ಹೋದಳು. ನನ್ನ ಖ್ಯಾತಿ ವೇಣೂರಿನವರೆಗೆ ಹಬ್ಬಿತು. ಕತ್ತರಿ ಕೊಳ್ಳಲು ಬಂದವರು ಕೂಡ, "ನೀವು ಮುಟ್ಬೇಡಿ, ನಾವೇ ತೆಗೀತೇವೆ," ಎನ್ನತೊಡಗಿದರು.

ಕೆಲವು ತಿಂಗಳ ನಂತರ ಪಡುಮನೆಯ ಅಜ್ಜ ನನ್ನ ಅಂಗಡಿಗೆ ಬಂದರು. ಸ್ಟೂಲಿನಲ್ಲಿ ಕೂತು, ತರಿಸಿದ ಚಾ ಕುಡಿದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು.

"ಅದು ನಮ್ಮ ಮಾವನದ್ದೇ," ಎಂದರು. "ಕೈಗೆ ಬಂದ ಕೂಡಲೇ ಗೊತ್ತಾಯ್ತು. ಈಗ ನಮ್ಮ ಕಪಾಟಿನಲ್ಲಿ ಉಂಟು, ಎರಡು ತುಂಡೂ."

ನಾನು ಖಾಲಿ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟೆ.

"ಅವತ್ತು ಮಾವನ ಹೆಸರು ನನ್ನ ಬಾಯಿಂದ ಬಿದ್ದು ಹೋಯ್ತು ನೋಡಿ. ಮತ್ತೆ ಹಿಂದೆ ತೆಗೊಳ್ಳುದು ಹೇಗೆ? ಹುಡುಗಿಯ ಮುಖ ನೋಡಿ ನನಗೂ ಸಂಕಟ ಆಯ್ತು. ಆಗ ನೀವು ಎದ್ದು ಆ ಚೂರಿಯನ್ನೇ ಮುರಿದು ಹಾಕಿದ್ರಿ. ಎರಡು ಮನೆಯ ಮರ್ಯಾದೆ ಉಳೀತು. ನಿಮ್ಮ ಹೆಸರು ಹಾಳಾಯ್ತು, ಅದಕ್ಕೂ ನೀವು ಹೆದರ್ಲಿಲ್ಲ." ಅಜ್ಜ ಕನ್ನಡಕ ತೆಗೆದು ಶಾಲಿನಿಂದ ಒರೆಸಿಕೊಂಡರು. "ಅಂಥ ಉಕ್ಕನ್ನು ಕೈಯಲ್ಲಿ ಮುರಿಯುದು ಅಂದ್ರೆ ಸುಮ್ಮನೆ ಅಲ್ಲ. ನೀವು ದೊಡ್ಡ ಮನುಷ್ಯ."

ಅವರು ನನ್ನ ಎರಡೂ ಕೈ ಹಿಡಿದುಕೊಂಡು, ಆಮೇಲೆ ಮೂಡುಬಿದಿರೆಯ ಬಸ್ಸು ಹತ್ತಿದರು.

ಮನೆಗೆ ಹೋದವನೇ ಜುಬೈದಾಳಿಗೆ ಒಂದಕ್ಷರ ಬಿಡದೆ ಹೇಳಿದೆ. ಅವಳು ಮೀನು ತಿರುವಿ ಹಾಕುತ್ತ ಎಲ್ಲವನ್ನೂ ಕೇಳಿದಳು.

"ಅದಕ್ಕೆ ನೀವು ಎಂತ ಹೇಳಿದ್ರಿ?"

"ಎಂತ ಹೇಳ್ಲಿ? ತಲೆ ತಗ್ಗಿಸಿದೆ."

"ಒಳ್ಳೆಯದಾಯ್ತು," ಎಂದಳು. "ಊರಲ್ಲಿ ಒಬ್ಬರಾದ್ರೂ ನಿಮ್ಮನ್ನು ಬುದ್ಧಿವಂತ ಅಂತ ತಿಳ್ಕೊಂಡಿರ್ಲಿ. ಅವರಿಗೆ ವಯಸ್ಸಾಯ್ತು, ಪಾಪ."