ಗುಡುಗಪ್ಪ ಗೋಣಾಡಿಸಿದ ದಿನ

"ನಿಮ್ಮ ಬಾಯಿಗಿಷ್ಟು ಬೆಂಕಿ ಬೀಳ. ಮಾಲೀಕರ ಮುಖಕ್ಕೇ 'ನಿಮಗೇನು ಧಾಡಿ' ಅಂದು ಬಂದಿದ್ದೀರಂತೆ. ಇನ್ನು ಸೂಪರ್‌ವೈಸರ್ ಕೆಲಸ ಯಾವನು ಕೊಡ್ತಾನೆ?"

"ಇದ್ದದ್ದು ಅಂದೆ. ಇಲ್ಲದ್ದು ಅನ್ಲಾ?"

ಹೆಂಡತಿ ಊಟದ ಡಬ್ಬಿಯ ಮುಚ್ಚಳವನ್ನು ಗಂಡನ ತಲೆಯೆಂದೇ ತಿಳಿದು ಗುದ್ದಿ ಹಾಕಿದಳು. ಪ್ರಿಂಟಿಂಗ್ ಪ್ರೆಸ್ಸಿನ ಜೊತೆಗಾರರು ಅವನಿಗೆ ಗುಡುಗಪ್ಪ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹಳೆಯ ಸೂಪರ್‌ವೈಸರ್ ನಿವೃತ್ತನಾಗಿದ್ದ. ಆ ಕುರ್ಚಿ ಯಾರಿಗೆಂದು ಮಾಲೀಕರು ಅಂದು ಸಂಜೆ ಹೇಳುವವರಿದ್ದರು.

ಜಗಳದ ನಡುವೆ ಬಾಮೈದ ಬಾಯಿ ಹಾಕಿದ. ಅವನು ವಿಮೆ ಮಾರುವವನು.

"ಭಾವ, ಇವತ್ತೊಂದು ದಿನ ನನ್ನ ಮಾತು ಕೇಳಿ. ಯಾರು ಏನೇ ಹೇಳ್ಲಿ, ನಗ್ತಾ ಕೇಳಿಸ್ಕೊಳ್ಳಿ. ಹೂಂ ಹೂಂ ಅಂತ ತಲೆ ಆಡಿಸಿ. ಮನೆಯವರು ಹೇಗಿದ್ದಾರೆ ಅಂತ ವಿಚಾರಿಸಿ. ಮೇಲೆ ಹೋದವರೆಲ್ಲ ಹೀಗೇ ಹೋಗಿರೋದು."

ಹಾಗಿದ್ದರೆ ನೀನೇಕೆ ಇನ್ನೂ ಕೆಳಗೇ ಇದ್ದೀಯ ಎಂದು ಯಾರೂ ಕೇಳಲಿಲ್ಲ.

ಪ್ರೆಸ್ಸಿನಲ್ಲಿ ಗುಡುಗಪ್ಪನ ಕೆಲಸ ಒಂದೇ. ಪ್ರತಿ ಮುದ್ರಣದ ಮೊದಲ ಹಾಳೆ ನೋಡಿ ಒಪ್ಪಿಗೆ ಕೊಡುವುದು. ಯಂತ್ರಗಳ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಹಾಗಾಗಿ ಅಲ್ಲಿ ವ್ಯವಹಾರವೆಲ್ಲ ತಲೆಯಲ್ಲೇ. ಮೇಲೆ ಕೆಳಗೆ ಆಡಿಸಿದರೆ ಓಡಿಸು, ಅಡ್ಡ ಆಡಿಸಿದರೆ ನಿಲ್ಲಿಸು. ಇವನ ತಲೆ ಹೆಚ್ಚಾಗಿ ಅಡ್ಡಡ್ಡವೇ ಆಡುತ್ತಿತ್ತು.

ಅಂದು ಒಳಗೆ ಕಾಲಿಟ್ಟವನೇ ಬೈಂಡಿಂಗ್ ವಿಭಾಗದ ಅಕ್ಕನನ್ನು ನೋಡಿ ಹಲ್ಲು ಕಿರಿದು, ಅತ್ತೆಯವರು ಹೇಗಿದ್ದಾರೆ ಎಂದು ಕೂಗಿ ಕೇಳಿದ. ಅತ್ತೆ ತೀರಿಕೊಂಡು ವರ್ಷವಾಯಿತು ಎಂದು ಆಕೆ ಹೇಳಿದಳು. ಗದ್ದಲದಲ್ಲಿ ಒಂದಕ್ಷರವೂ ಕೇಳದ ಗುಡುಗಪ್ಪ ಇನ್ನಷ್ಟು ನಕ್ಕು, ಬಹಳ ಸಂತೋಷ ಎನ್ನುವಂತೆ ತಲೆ ಆಡಿಸಿದ.

ಅಕ್ಕ ಗಾಬರಿಯಾಗಿ ಕಾಗದ ಕತ್ತರಿಸುವ ಕಟಿಂಗ್‌ನವನ ಕಿವಿಯಲ್ಲಿ ಅರಚಿದಳು. "ಅವರಿಗೆ ಏನೋ ಆಗಿದೆ ಕಣೋ. ನಕ್ಕರು."

ಸುದ್ದಿಗೆ ಕಾಲು ಬಂತು. ಡಾಕ್ಟರು ಕೈ ಚೆಲ್ಲಿದ್ದಾರಂತೆ ಎಂದು ಒಬ್ಬರು, ಕೆಲಸ ಬಿಡುತ್ತಾರಂತೆ ಎಂದು ಇನ್ನೊಬ್ಬರು. ಕಟಿಂಗ್‌ನವನು ನೀರು ತಂದುಕೊಟ್ಟು, ಕಣ್ತುಂಬ ಅವನನ್ನು ನೋಡಿ ಹೋದ. ಇವರಿಗೆಲ್ಲ ಏನು ಬಂತು ಎಂದು ಗುಡುಗಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಬಾಮೈದನ ಮಂತ್ರ ಫಲಿಸುತ್ತಿದೆ ಎಂದುಕೊಂಡು ಕೋಲೆಬಸವನ ಹಾಗೆ ಗೋಣಾಡಿಸುತ್ತಲೇ ಹೋದ. ಮಧ್ಯಾಹ್ನ ಕಟಿಂಗ್‌ನವನು ಬಂದು ಏನೋ ಹೇಳಿದ, ತಲೆ ಆಡಿಸಿದ. ಅಕ್ಕ ಬಂದಳು, ಅದಕ್ಕೂ ಆಡಿಸಿದ. ಇಬ್ಬರೂ ಕೇಳಿದ್ದು ರಜೆ; ಸೂಪರ್‌ವೈಸರ್ ಇಲ್ಲದಾಗ ಕೇಳಬೇಕಾದದ್ದು ಅವನನ್ನೇ. ಡಬ್ಬಿ ಎತ್ತಿಕೊಂಡು ಮನೆಗೆ ಹೋದರು.

ಕೊನೆಗೆ ಮಷಿನ್‌ಮ್ಯಾನ್ ಸೋಪಿನ ಹೊದಿಕೆಯ ಮೊದಲ ಹಾಳೆ ಹಿಡಿದು ಬಂದ. ಕೆಂಪು ಹಿಡಿಯುತ್ತಿಲ್ಲ, ಹೀಗೇ ಓಡಿಸಲೇ ಎಂದು ಕೇಳಿದ. ಗುಡುಗಪ್ಪ ಹಾಳೆಯನ್ನು ನೋಡಲೇ ಇಲ್ಲ. ಹೇಳುವವನ ಕಣ್ಣನ್ನೇ ಪ್ರೀತಿಯಿಂದ ನೋಡುತ್ತ ತಲೆ ಆಡಿಸಿದ.

ಸಂಜೆ ಮಾಲೀಕರು ಬಂದಾಗ ಕಟಿಂಗ್ ಖಾಲಿ, ಬೈಂಡಿಂಗ್ ಖಾಲಿ. ಮಷಿನ್ ಮಾತ್ರ ಓಡುತ್ತಿತ್ತು. ರಾಶಿ ರಾಶಿ ಹಾಳೆಗಳ ಮೇಲೆ ಮುದ್ದು ಮಗುವೊಂದು ಎಳೆಗುಂಬಳದ ಬಣ್ಣದಲ್ಲಿ ಹಚ್ಚಹಸಿರಾಗಿ ನಗುತ್ತಿತ್ತು.

ಅವರು ಮಷಿನ್ ನಿಲ್ಲಿಸಿದರು. ಯಾರು ಒಪ್ಪಿದ್ದೆಂದು ಕೇಳಿದರು. ಮಷಿನ್‌ಮ್ಯಾನ್ ಬೆರಳು ತೋರಿಸಿದ. ಗುಡುಗಪ್ಪ ನಗುತ್ತಲೇ ಇದ್ದ.

"ನಗ್ತೀಯೇನಯ್ಯ? ಕೆಂಪಿಲ್ಲದ್ದು ಕಾಣ್ಲಿಲ್ವಾ ನಿಂಗೆ?"

ಬೆಳಗಿನಿಂದ ಅದುಮಿಟ್ಟದ್ದು ಒಡೆಯಿತು.

"ಆ ಕೆಂಪು ಮಸಿಯ ರೋಲರ್ ಸತ್ತಿದೆ, ಬದಲಾಯಿಸಿ ಅಂತ ಗಂಟಲು ಹರಕೊಂಡೆ. ಪ್ರತಿ ಸಲ ನೀವೂ ಹೀಗೇ ನಗ್ತಾ ತಲೆ ಆಡಿಸಿದ್ರಿ. ತಂದ್ರಾ? ನಾನು ಒಂದು ದಿನ ಆಡಿಸಿದ್ದಕ್ಕೆ ಮಗು ಹಸಿರಾಯ್ತು. ಇಟ್ಕೊಳ್ಳಿ ನಿಮ್ಮ ಪ್ರೆಸ್ಸು."

ಮಸಿಬಟ್ಟೆಯನ್ನು ನೆಲಕ್ಕೆಸೆದು ಹೊರಟೇಹೋದ.

ಮಾಲೀಕರು ಮಸಿಬಟ್ಟೆಯನ್ನು ಎತ್ತಿಕೊಂಡು ಮಷಿನ್‌ಮ್ಯಾನ್ ಕಡೆ ತಿರುಗಿದರು. "ಇಲ್ಲಿ ಬೇಡ ಅನ್ನೋ ಬಾಯಿ ಅದೊಂದೇ. ಅದಕ್ಕೇ ಕುರ್ಚಿ ಅವನಿಗೇ ಅಂದ್ಕೊಂಡಿದ್ದೆ. ಓಡು, ಅವನೇ ಸೂಪರ್‌ವೈಸರ್ ಅಂತ ಹೇಳಿ ಕರ್ಕೊಂಡು ಬಾ. ಬರದಿದ್ರೆ ಏನ್ಮಾಡೋದು, ಆ ಕುರ್ಚೀಲಿ ನೀನೇ ಕೂತು ನೋಡ್ಕೋಬೇಕು."

ಮಷಿನ್‌ಮ್ಯಾನ್ ಓಡಿದ. ಗೇಟು ದಾಟಿದ ಮೇಲೆ ನಡೆದ.

ಗುಡುಗಪ್ಪ ಬೀದಿಯ ತಿರುವಿನಲ್ಲಿ ನಿಂತಿದ್ದ. ಯಾರಾದರೂ ಕರೆದಾರು ಎಂಬ ಆಸೆಯಿಂದ ಚಪ್ಪಲಿಯನ್ನು ಬಿಚ್ಚಿ ಬಿಚ್ಚಿ ಹಾಕಿಕೊಳ್ಳುತ್ತಿದ್ದ.

ಮಷಿನ್‌ಮ್ಯಾನ್ ಅವನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟ. ಅತ್ತಿಗೆ ಚೆನ್ನಾಗಿದ್ದಾರಾ ಎಂದು ವಿಚಾರಿಸಿದ. ಮಾಲೀಕರ ವಂಶವನ್ನೇ ಜಾಲಾಡಿದ ಅವನ ಬೈಗುಳವನ್ನೆಲ್ಲ, ಒಂದು ಕಡೆಯೂ ಅಡ್ಡ ಬಾರದೆ, ಹೂಂ ಹೂಂ ಎಂದು ತಲೆ ಆಡಿಸುತ್ತ ಕೇಳಿಸಿಕೊಂಡ.

"ಸರಿಯಾಗೇ ಹೇಳಿದ್ರಿ ಅಣ್ಣ. ನಿಮ್ಮಂಥ ಮಾನಸ್ಥರು ಮತ್ತೆ ಆ ಹೊಸಲು ತುಳೀಬಾರದು."

ಗುಡುಗಪ್ಪನ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷದಲ್ಲಿ ಅವನ ಮಾತನ್ನು ಪೂರ್ತಿ ಕೇಳಿದವನು ಇವನೊಬ್ಬನೇ. ಮಷಿನ್‌ಮ್ಯಾನ್‌ನ ಎರಡೂ ಕೈ ಹಿಡಿದು, ನೀನಾದರೂ ಚೆನ್ನಾಗಿ ಮೇಲೆ ಬಾರಪ್ಪ ಎಂದು ಬಾಯ್ತುಂಬ ಹರಸಿ, ತಿರುವು ದಾಟಿ ಹೋದ. ತಿರುಗಿ ನೋಡಲಿಲ್ಲ. ತಿರುಗಿ ಬರಲೂ ಇಲ್ಲ.